ದೋಣಿಗಳ ಆಯುಸ್ಸು ಹೇಳುತ್ತಿದ್ದವರು

ಬಂದರಿನಲ್ಲಿ ಎಲ್ಲರೂ ಅವರನ್ನು ಡಾಕ್ಟರೆಂದೇ ಕರೆಯುತ್ತಿದ್ದರು. ಮನುಷ್ಯರ ನಾಡಿ ಹಿಡಿದವರಲ್ಲ. ಅವರ ರೋಗಿಗಳೆಲ್ಲ ಮರದ ದೋಣಿಗಳು. ವರ್ಷಕ್ಕೊಮ್ಮೆ ದೋಣಿಗಳನ್ನು ದಡಕ್ಕೆಳೆದು ದಿಮ್ಮಿಗಳ ಮೇಲೆ ನಿಲ್ಲಿಸಿದಾಗ, ಡಾಕ್ಟರು ಸಣ್ಣ ಸುತ್ತಿಗೆ ಹಿಡಿದು ಒಂದೊಂದೇ ಹಲಗೆಯನ್ನು ತಟ್ಟಿ ಕಿವಿಗೊಡುತ್ತಿದ್ದರು. ಗಟ್ಟಿ ಮರ ಠಣ್ ಎನ್ನುತ್ತದೆ, ಒಳಗೆ ಕೊಳೆತದ್ದು ದಬ್ ಎನ್ನುತ್ತದೆ. ಠಣ್ ಎಂದರೆ ಇನ್ನೊಂದು ವರ್ಷ ನೀರು. ದಬ್ ಹೆಚ್ಚಾದರೆ ಸೀಮೆಸುಣ್ಣದ ಅಡ್ಡಗೆರೆ, ಆಮೇಲೆ ಕೊಡಲಿ. ಬಂದರು ಕಚೇರಿಯ ಸಾಹೇಬರು ಕೂಡ ಈ ತೀರ್ಪಿಗೆ ಎದುರಾಡುತ್ತಿರಲಿಲ್ಲ.

ತಟ್ಟುವ ಮೊದಲು ಡಾಕ್ಟರು ಒಮ್ಮೆ ಗಂಟಲು ಸರಿಮಾಡಿಕೊಂಡು ಎಡಗೈ ಎತ್ತುವರು. ತಕ್ಷಣ ಗರಗಸ ನಿಲ್ಲಬೇಕು, ಮಾತು ನಿಲ್ಲಬೇಕು, ಸೀನು ಬಂದವನು ಮೂಗು ಹಿಡಿದುಕೊಂಡು ದೂರ ಓಡಬೇಕು. ಇಡೀ ದಡ ಉಸಿರು ಬಿಗಿಹಿಡಿದು ಅವರೊಬ್ಬರ ಮುಖವನ್ನೇ ನೋಡುವ ಆ ಹೊತ್ತು ಅವರಿಗೆ ಬಲು ಇಷ್ಟ. ಹೆಂಡತಿ ತೀರಿಕೊಂಡ ಮೇಲೆ ಮನೆಯಲ್ಲೂ ಅಷ್ಟೇ ಮೌನವಿತ್ತು, ಆದರೆ ಅಲ್ಲಿ ಅವರ ಮುಖ ನೋಡಿಕೊಂಡು ಸುಮ್ಮನಿರುವವರು ಯಾರೂ ಇರಲಿಲ್ಲ.

ದೋಣಿ ಎಷ್ಟು ವರ್ಷ ಬಾಳುತ್ತದೆಂದು ಯಾರಾದರೂ ತಪ್ಪಿ ಕೇಳಿದರೆ ಮುಗಿಯಿತು, ಡಾಕ್ಟರು ಎದೆಯುಬ್ಬಿಸಿ ಶುರುಮಾಡುವರು. "ಮರಳು ಹೊರೋ ದೋಣಿ ಹದಿನೈದು ವರ್ಷ, ಹೆಚ್ಚಂದ್ರೆ. ಮರಳು ಒಳಗಿಂದ ಉಜ್ಜುತ್ತೆ. ಮೀನಿನ ದೋಣಿ ಇಪ್ಪತ್ತು. ಉಪ್ಪು ಮೊಳೆ ತಿನ್ನುತ್ತೆ. ಜನರನ್ನ ದಾಟಿಸೋ ದೋಣಿ ನಲವತ್ತು. ಜನ ಬರೀ ಮಾತಾಡ್ತಾರೆ, ಮಾತಿಗೆ ಮರ ಸವೆಯಲ್ಲ ನೋಡಿ." ಕೇಳಿದವನು ಅಷ್ಟರಲ್ಲಿ ನಾಲ್ಕು ಹೆಜ್ಜೆ ಹಿಂದೆ ಸರಿದಿರುತ್ತಿದ್ದ. "ನಿಲ್ರೀ, ಮುಖ್ಯವಾದದ್ದು ಇದೆ. ದೋಣಿನ ಕೊಲ್ಲೋದು ಹೊಳೆ ನೀರಲ್ಲ, ಮೇಲಿಂದ ಬೀಳೋ ಮಳೆ ನೀರು. ಅದಕ್ಕಿಂತ ಹೆಚ್ಚಾಗಿ, ಕೆಲಸ ಇಲ್ದೆ ದಡದಲ್ಲಿ ಒಣಗೋದು."

ಜನರನ್ನು ದಾಟಿಸುವ ಆ ನಲವತ್ತು ವರ್ಷದ ದೋಣಿ ಅವರ ಭಾವನದು, ಅಂದರೆ ತೀರಿಕೊಂಡ ಹೆಂಡತಿಯ ಅಣ್ಣನದು. ಭಾವನೂ ಒಂಟಿ, ಮಗಳು ದೂರದ ಗುಡ್ಡದ ಊರಿನಲ್ಲಿದ್ದಳು. "ದೋಣಿ ಇರೋವರೆಗೂ ಇಲ್ಲಿರ್ತೀನಿ, ಆಮೇಲೆ ನಿನ್ನ ಹತ್ರ ಬರ್ತೀನಿ" ಎಂದು ಅವಳಿಗೆ ಮಾತು ಕೊಟ್ಟಿದ್ದರು. ದಿನವೂ ಸಂಜೆ ಡಾಕ್ಟರು ಆ ದೋಣಿ ಹತ್ತಿ, ಚುಕ್ಕಾಣಿಯ ಪಕ್ಕ ಕುಳಿತು, ಆಚೆ ದಡಕ್ಕೆ ಹೋಗಿ ಹಾಗೇ ವಾಪಸಾಗುತ್ತಿದ್ದರು. ಆಚೆ ದಡದಲ್ಲಿ ಅವರಿಗೆ ಏನೂ ಕೆಲಸವಿರಲಿಲ್ಲ. ಇಬ್ಬರೂ ದಾರಿಯುದ್ದಕ್ಕೂ ಜಗಳವಾಡುವರು. ಡಾಕ್ಟರ ದಿನದಲ್ಲಿ ಮಾತು ಎನ್ನುವುದು ಇದ್ದರೆ ಅದೊಂದೇ.

ಎರಡು ವರ್ಷದಿಂದ ಲೋಕ ಬದಲಾಗಿತ್ತು. ಮನೆಯ ಗಡಿಯಾರ ಟಿಕ್ ಟಿಕ್ ಅನ್ನುವುದನ್ನು ಬಿಟ್ಟಿತು. ಬೇರೆ ತಂದರು, ಅದೂ ಮೂಕ. ಗುಬ್ಬಿಗಳು ಊರು ಬಿಟ್ಟುಹೋದವು. ಈ ವರ್ಷ ಮರಗಳಂತೂ ತೀರಾ ಹಾಳಾದವು. ಎಲ್ಲಿ ತಟ್ಟಿದರೂ ದಬ್. "ಈಗಿನ ಮರದಲ್ಲಿ ಸತ್ವವೇ ಇಲ್ಲ" ಎಂದು ಡಾಕ್ಟರು ಒಂದರ ಹಿಂದೊಂದು ಮೂರು ದೋಣಿಗಳಿಗೆ ಅಡ್ಡಗೆರೆ ಎಳೆದರು. ಕಾಲ ಕೆಟ್ಟಿತೆಂದು ಅವರಿಗೆ ಖಾತ್ರಿಯಾಗಿತ್ತು. ತಾವು ಕೆಟ್ಟಿರಬಹುದೆಂಬ ಅನುಮಾನ ಅಷ್ಟು ದೊಡ್ಡ ಮನುಷ್ಯರ ತಲೆಗೆ ಬರುವುದು ಹೇಗೆ?

ಒಂದು ಬೆಳಿಗ್ಗೆ, ತಾವೇ ಗೆರೆ ಎಳೆದಿದ್ದ ಮೀನಿನ ದೋಣಿಯನ್ನು ಒಡೆಯುತ್ತಿದ್ದ ಕಡೆಗೆ ಅವರು ಹೋದರು. ಒಡೆಯುವವನು ಬೆವರು ಒರೆಸಿಕೊಂಡು, "ಬನ್ನಿ ಡಾಕ್ಟ್ರೇ, ನೀವು ಸತ್ತಿದೆ ಅಂದ ಹೆಣ ನನ್ನನ್ನೇ ಒದೀತಾ ಇದೆ!" ಎಂದು ನಕ್ಕ. ಕೊಡಲಿ ಬೀಸಿದ. ಅದು ಹಲಗೆಗೆ ಬಡಿದು ಮೊಳ ಎತ್ತರ ಪುಟಿಯಿತು. ಸೀಳಿದಲ್ಲಿ ಮರ ಕೆಂಪಗೆ, ಗಟ್ಟಿಯಾಗಿತ್ತು. ಪಕ್ಕದಲ್ಲಿದ್ದವರು ಆ ಏಟಿಗೆ ಕಿವಿ ಮುಚ್ಚಿಕೊಂಡರು. ಡಾಕ್ಟರಿಗೆ ಮಾತ್ರ ಯಾರೋ ದಿಂಬಿಗೆ ಗುದ್ದಿದಂತೆ ಕೇಳಿಸಿತು.

ಅವರು ಯಾರಿಗೂ ಏನೂ ಹೇಳದೆ ಮನೆಗೆ ಬಂದು, ಗಡಿಯಾರವನ್ನು ಗೋಡೆಯಿಂದಿಳಿಸಿ ಕಿವಿಗೆ ಒತ್ತಿಕೊಂಡರು. ಮುಳ್ಳು ಓಡುತ್ತಿತ್ತು. ಸದ್ದಿರಲಿಲ್ಲ.

ಭಾವನ ದೋಣಿಯ ಸರದಿ ಅದೇ ವಾರ. ಠಣ್ ಎಂದು ಸುಳ್ಳು ಹೇಳಿದರೆ ದೋಣಿ ಉಳಿಯುತ್ತದೆ, ಸಂಜೆಗಳು ಉಳಿಯುತ್ತವೆ, ಜೊತೆಗೆ ತಮ್ಮ ಮರ್ಯಾದೆಯೂ. ಕಿವಿಗೆ ಬಿದ್ದದ್ದನ್ನೇ ನಂಬಿ ಗೆರೆ ಎಳೆದರೆ, ಗಟ್ಟಿಯಾಗಿರಬಹುದಾದ ಇನ್ನೊಂದು ದೋಣಿಯನ್ನು ಕೊಂದಂತೆ. ಡಾಕ್ಟರು ಕಚೇರಿಗೆ ಸುದ್ದಿ ಕೊಡದೆ, ದಡದವರೆಲ್ಲ ಊಟಕ್ಕೆ ಹೋದ ಹೊತ್ತು ನೋಡಿ ಭಾವನನ್ನು ದೋಣಿಯ ಅಡಿಗೆ ಕರೆದರು.

"ಇದೇನು, ಇವತ್ತು ಎಲ್ರನ್ನೂ ಸುಮ್ಮನಿರಿಸಿ ಮೆರೆಯೋ ಕಾರ್ಯಕ್ರಮ ಇಲ್ವಾ?" ಎಂದರು ಭಾವ.

"ಭಾವ, ನಾನು ತಟ್ತೀನಿ. ನೀವು ಕೇಳಿ ಹೇಳಿ."

"ನಿನ್ನ ಕಿವಿ ಅಡ ಇಟ್ಟಿದ್ಯೇನೋ?"

"ಹೋಗಿದೆ ಭಾವ."

ಭಾವ ಹತ್ತಿರ ಸರಿದು ದನಿ ಏರಿಸಿದರು. "ನಾನೂ ಹಾಗೇ ಅಂದ್ಕೊಂಡಿದ್ದೆ" ಎಂದರು. "ವರ್ಷದಿಂದ ನಾನೊಂದು ಹೇಳಿದ್ರೆ ನೀನೊಂದು ಉತ್ತರ ಕೊಡ್ತಿದ್ದೆ. ಸೊಕ್ಕು ಜಾಸ್ತಿಯಾಯ್ತೇನೋ ಅಂತ ಮೊದಮೊದಲು ಬೈಕೊಂಡಿದ್ದೆ."

ಡಾಕ್ಟರು ತಟ್ಟತೊಡಗಿದರು. ಅವರಿಗೆ ಕೇಳಿಸಿದ್ದೆಲ್ಲ ದಬ್. "ಠಣ್" ಎಂದರು ಭಾವ. ಮುಂದಿನದು. "ಠಣ್. ಕಂಚಿನ ತಟ್ಟೆ ಇದ್ದಂಗಿದೆ." ಇನ್ನೊಂದು. "ಠಣ್." ಡಾಕ್ಟರ ಎದೆ ಹಗುರಾಗುತ್ತ ಬಂತು. ಒಂದು ಬದಿ ಮುಗಿಯಿತು, ಇನ್ನೊಂದೂ ಮುಗಿಯಿತು. ಕೊನೆಗೆ ಮಂಡಿಯೂರಿ, ದೋಣಿಯ ಬೆನ್ನುಮೂಳೆಯಂತಿರುವ ಅಡಿಮರವನ್ನು ತಟ್ಟಿದರು.

ಭಾವ ಬಗ್ಗಿ ಅಡಿಮರಕ್ಕೆ ಕಿವಿ ಹತ್ತಿರ ತಂದರು.

"ಏನು ಭಾವ?"

"ಇನ್ನೊಂದ್ಸಲ ತಟ್ಟು."

ತಟ್ಟಿದರು.

"ದಬ್" ಎಂದರು ಭಾವ.

"ಸರಿಯಾಗಿ ಕೇಳಿ. ನಿಮಗೂ ವಯಸ್ಸಾಯ್ತು."

"ನಂಗೆ ಹೋಗಿರೋದು ಹಲ್ಲು ಕಣೋ, ಕಿವಿಯಲ್ಲ. ದಬ್ ಅಂದ್ರೆ ದಬ್."

ಡಾಕ್ಟರು ದಬ್ಬಳ ತೆಗೆದು ಅಲ್ಲಿ ಒತ್ತಿದರು. ನೆನೆದ ಬೆಲ್ಲಕ್ಕೆ ಇಳಿದಂತೆ ಹಿಡಿಯವರೆಗೂ ಇಳಿಯಿತು. ಹಲಗೆಯಾಗಿದ್ದರೆ ಬದಲಿಸಬಹುದಿತ್ತು. ಅಡಿಮರ ಹೋದರೆ ದೋಣಿಯೇ ಹೋದಂತೆ. ಇಬ್ಬರೂ ಅಲ್ಲೇ ಮಣ್ಣಿನಲ್ಲಿ ಕುಳಿತರು.

"ಠಣ್ ಅಂದಿದ್ರೆ ನಾನು ನಂಬ್ತಿದ್ದೆ" ಎಂದರು ಡಾಕ್ಟರು.

"ಗೊತ್ತು. ನಾಲಿಗೆ ತುದಿವರೆಗೂ ಬಂದಿತ್ತು." ಭಾವ ಮೊಣಕಾಲಿನ ಮಣ್ಣು ಕೊಡವಿದರು. "ಆದ್ರೆ ದಿನಾ ಇದ್ರಲ್ಲಿ ಕೂತ್ಕೊಳ್ಳೋನು ನೀನು. ನಡುಹೊಳೇಲಿ ಇದು ಬಾಯ್ಬಿಟ್ರೆ, 'ಹಾರೋ' ಅಂತ ನಾನು ಎಷ್ಟು ಕಿರುಚಿದ್ರೂ ನಿಂಗೆ ಕೇಳ್ಸಲ್ವಲ್ಲಪ್ಪ!"

ಇಬ್ಬರೂ ನಕ್ಕರು. ಡಾಕ್ಟರು ಎದ್ದು ಗೆರೆ ಎಳೆದರು. ಅಷ್ಟು ಸೊಟ್ಟ ಗೆರೆಯನ್ನು ಅವರು ಯಾವ ದೋಣಿಗೂ ಎಳೆದಿರಲಿಲ್ಲ.

ಭಾವ ಮಗಳ ಊರಿಗೆ ಹೊರಟರು. ಬಸ್ಸಿನ ಕಿಟಕಿಯಿಂದ ತಲೆ ಹೊರಹಾಕಿ, "ಗುಡ್ಡದ ಮೇಲೆ ನಾನು ಯಾವುದಕ್ಕೆ ಚುಕ್ಕಾಣಿ ಹಿಡೀಲೋ?" ಎಂದು ನಿಲ್ದಾಣವೆಲ್ಲ ತಿರುಗಿ ನೋಡುವಂತೆ ಕೂಗಿದರು. ಆ ಗದ್ದಲದಲ್ಲಿ ಹಾಗೆ ಕೂಗಿದರೆ ಮಾತ್ರ ಡಾಕ್ಟರಿಗೆ ಕೇಳಿಸುತ್ತದೆಂದು ಅವರೊಬ್ಬರಿಗೇ ಗೊತ್ತಿತ್ತು.

ಮರುದಿನ ಡಾಕ್ಟರು ಬಂದರಿನ ಕಚೇರಿಗೆ ಹೋಗಿ ಕಿವಿಯ ವಿಷಯ ಹೇಳಿದರು. ಸಾಹೇಬರು ಅದನ್ನು ವಿನಯವೆಂದುಕೊಂಡು "ಛೆ ಛೆ, ನಿಮ್ಮಂಥವರು!" ಎಂದರು. ಅದು ಡಾಕ್ಟರಿಗೆ ಕೇಳಿಸದೆ, "ಹೌದು, ಬಿಸಿಲು ಜಾಸ್ತಿ" ಎಂದು ಉತ್ತರ ಕೊಟ್ಟ ಮೇಲೆ ಸಾಹೇಬರಿಗೆ ಮನವರಿಕೆಯಾಯಿತು. ಬೇರೆ ಬಂದರಿನಿಂದ ಒಬ್ಬ ಪರೀಕ್ಷಕ ಬಂದ. ಗೆರೆ ಬಿದ್ದು ಇನ್ನೂ ಒಡೆಯದೆ ಉಳಿದಿದ್ದ ಎರಡು ದೋಣಿಗಳು ಮತ್ತೆ ನೀರಿಗಿಳಿದವು. ಮೀನಿನ ದೋಣಿ ಮಾತ್ರ ಆಗಲೇ ಸೌದೆಯಾಗಿತ್ತು. ಡಾಕ್ಟರು ಅದರ ಯಜಮಾನನ ಮನೆಗೆ ಹೋಗಿ ತಪ್ಪಾಯಿತೆಂದರು. ಅವನು ಬೈದಿದ್ದರೂ ಸಮಾಧಾನವಾಗುತ್ತಿತ್ತು. ಬಲೆ ಹೊಲಿಯುತ್ತಿದ್ದವನು ತಲೆಯೆತ್ತಲೇ ಇಲ್ಲ. ಇವರು ಹಿಂದಿರುಗಿದರು.

ಹೊಳೆಗೆ ಹೊಸ ಕಬ್ಬಿಣದ ದೋಣಿ ಬಂತು. ಅದಕ್ಕೆ ತಟ್ಟುವ ಅಗತ್ಯವಿಲ್ಲವಂತೆ. ಒಂದು ಸಂಜೆ ಡಾಕ್ಟರು ಅದನ್ನು ಹತ್ತಿ ಹಿಂದಿನ ಬೆಂಚಿನಲ್ಲಿ ಕುಳಿತರು. ಈರುಳ್ಳಿ ಚೀಲ ಹೊತ್ತ ಒಬ್ಬಾಕೆ ಬಂದು ಏನೋ ಕೇಳಿದಳು. ಎರಡನೇ ಸಲ ಕೇಳಿದಾಗ ಅರ್ಥವಾಯಿತು: ಪಕ್ಕದಲ್ಲಿ ಯಾರಾದರೂ ಬರುತ್ತಾರಾ?

"ಇಲ್ಲಮ್ಮ, ಯಾರೂ ಇಲ್ಲ. ಕೂತ್ಕೋ" ಎಂದು ಡಾಕ್ಟರು ಸರಿದು ಜಾಗ ಮಾಡಿಕೊಟ್ಟರು.

ಅವಳು ಚೀಲವನ್ನು ಅಲ್ಲಿಟ್ಟು, "ಸ್ವಲ್ಪ ನೋಡ್ಕೊಳಿ ಅಜ್ಜ" ಎಂದು ಕೈಸನ್ನೆ ಮಾಡಿ, ಮುಂದುಗಡೆ ಗೆಳತಿಯರ ನಡುವೆ ಹೋಗಿ ಕುಳಿತಳು. ಎಂಜಿನ್ ಶುರುವಾಯಿತು, ಅದರ ನಡುಕ ಬೆಂಚಿನಿಂದ ಡಾಕ್ಟರ ಬೆನ್ನಿಗೆ ಹತ್ತಿತು. ಚೀಲ ವಾಲುತ್ತಿತ್ತು. ಬೀಳದಿರಲೆಂದು ಅವರು ಅದರ ಹೆಗಲ ಮೇಲೆ ಕೈಹಾಕಿಕೊಂಡು, ಆಚೆ ದಡ ಬರುವವರೆಗೂ ಹಾಗೇ ಕುಳಿತಿದ್ದರು.