ಮುಂಬಾಗಿಲ ಲಿಫ್ಟು

ಜಾಂದೀರಾಳನ್ನು ಎತ್ತಿ ಆಡಿಸಿದವಳು ನಾನು. ಸಾಲ್ವಡೋರ್ ನಗರದ ಕಡಲ ದಂಡೆಯ ಆ ಎತ್ತರದ ಕಟ್ಟಡದಲ್ಲಿ ಅವಳ ಅಮ್ಮ ಯೂಫ್ರೋಜಿನಾ ಎಂಟನೇ ಮಹಡಿಯ ಮನೆಗೆ ಅಡುಗೆಯವಳು. ನಾನು, ವಾಲ್ದೆಲಿಸ್, ಆರನೆಯದರಲ್ಲಿ ಬಟ್ಟೆ ಒಗೆದು ಇಸ್ತ್ರಿ ಹಾಕುವವಳು. ಅಡುಗೆಮನೆಯ ಹಿಂದೆ ಕಿಟಕಿಯಿಲ್ಲದ ಕೋಣೆಯಲ್ಲಿ ತಾಯಿ ಮಗಳು ಒಂದೇ ಮಂಚದಲ್ಲಿ ಮಲಗುತ್ತಿದ್ದರು. ಹುಡುಗಿ ಸದಾ ಏನಾದರೂ ಓದುತ್ತಿದ್ದಳು.

"ಇಷ್ಟು ಓದಿ ಏನ್ಮಾಡ್ತಾಳೆ ಯೂಫ್ರೋಜಿನಾ? ನಾಳೆ ನಮ್ಮನೇಲೇ ತಾನೆ ಪಾತ್ರೆ ತೊಳೆಯೋದು?" ಅಂತ ಮನೆಯೊಡತಿ ಒಂದು ದಿನ ನಕ್ಕಳು. ಯೂಫ್ರೋಜಿನಾ ರಜೆಯ ದಿನವೂ ಬೀದಿಯಲ್ಲಿ ಕೂತು, ತಾಳೆಣ್ಣೆಯಲ್ಲಿ ಅಕರಾಜೆ ವಡೆ ಕರಿದು ಮಾರಿ, ಮಗಳನ್ನು ವಿಶ್ವವಿದ್ಯಾಲಯಕ್ಕೆ ಕಳಿಸಿದಳು.

ಜಾಂದೀರಾ ಸಮಾಜಶಾಸ್ತ್ರ ಹಿಡಿದಳು. ಮನೆಗೆಲಸದ ಕರಿಯ ಹೆಂಗಸರ ಪಕ್ಕದಲ್ಲಿ ಕೂತು, ಅವರೆಕಾಳು ಬಿಡಿಸುತ್ತ ಮಾತು ಕೇಳಿ, ಅದನ್ನೇ ದೊಡ್ಡ ಪ್ರಬಂಧ ಮಾಡಿದಳು. ಡಾಕ್ಟರೇಟು ಬಂದ ಮಾರನೆಯ ದಿನ ಹೂವು ಹಿಡಿದುಕೊಂಡು ಅಮ್ಮನನ್ನು ನೋಡಲು ಬಂದಳು. ಬಾಗಿಲು ಕಾಯುವ ಜೆನಿವಾಲ್, ಅವನೂ ನಮ್ಮ ಹಾಗೆ ಕರಿಯನೇ, ತಲೆ ತಗ್ಗಿಸಿ ಹೇಳಿದ: "ಹಿಂದಿನ ಲಿಫ್ಟಲ್ಲಿ ಹೋಗಮ್ಮ. ಮುಂದಿನದು ಮನೆಯವರಿಗೆ. ನನ್ನ ಕೆಲಸ ಹೋಗತ್ತೆ."

ಕಸದ ಡಬ್ಬಿಗಳ ನಡುವೆ ನಿಂತು ಮೇಲೆ ಬಂದಳು. ಅಮ್ಮನಿಗೆ ಹೂವು ಕೊಟ್ಟು, "ಬರೆದು ಮುಗಿಸ್ದೆ ಅಂದ್ಕೊಂಡಿದ್ದೆ ಅಮ್ಮ. ಇನ್ನೂ ಶುರುನೇ ಆಗಿಲ್ಲ" ಅಂದಳು.

ಅದಾಗಿ ಸ್ವಲ್ಪ ದಿನಕ್ಕೆ ಆ ಹಿಂದಿನ ಲಿಫ್ಟು ಕೆಟ್ಟು ನಿಂತಿತು. ಕಟ್ಟಡದ ಉಸ್ತುವಾರಿ ನೋಡುತ್ತಿದ್ದ ನಿವೃತ್ತ ಕರ್ನಲ್, ರಿಪೇರಿ ಆಗುವವರೆಗೂ ಕೆಲಸದವರೆಲ್ಲ ಮೆಟ್ಟಿಲು ಹತ್ತಬೇಕೆಂದು ಕಟ್ಟಪ್ಪಣೆ ಮಾಡಿದ. ಮುಂದಿನ ಲಿಫ್ಟು ಖಾಲಿ ಖಾಲಿಯಾಗಿ ಓಡಾಡುತ್ತಿತ್ತು. ಸಂತೆಚೀಲ ಹೊತ್ತು ಹತ್ತುತ್ತಿದ್ದ ಯೂಫ್ರೋಜಿನಾ ಐದನೇ ಮಹಡಿಯ ತಿರುವಿನಲ್ಲಿ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡಳು. "ನೋಡ್ಕೊಂಡು ಹತ್ತಬಾರ್ದಿತ್ತಾ?" ಅಂದಳು ಮನೆಯೊಡತಿ, ಒಡೆದ ಮೊಟ್ಟೆಗಳನ್ನು ನೋಡುತ್ತ.

ಆ ಭಾನುವಾರ ನಮ್ಮ ಗುಡ್ಡದ ಕೇರಿಯ ಶಾಲೆಯಲ್ಲಿ ಆ ಕಟ್ಟಡದ ಕೆಲಸದ ಹೆಂಗಸರೆಲ್ಲ ಸೇರಿದೆವು. ಜಾಂದೀರಾಳೇ ಕರೆದಿದ್ದಳು.

"ಡಾಕ್ಟರಮ್ಮ, ಮೊದ್ಲು ನನ್ನ ಮಂಡಿಗೊಂದು ಮಾತ್ರೆ ಕೊಡು" ಅಂದೆ.

"ನಾನು ಆ ಡಾಕ್ಟರಲ್ಲ ವಾಲ್ದೆಲಿಸಕ್ಕ."

"ಮತ್ಯಾವ ರೋಗಕ್ಕೆ ಡಾಕ್ಟರು?"

"ಮೆಟ್ಟಿಲು ಹತ್ತಿಸ್ತಾರಲ್ಲ, ಅವರ ರೋಗಕ್ಕೆ."

ಎಲ್ಲರೂ ಹೊಟ್ಟೆ ಹಿಡಿದು ನಕ್ಕೆವು. ನಕ್ಕ ಮೇಲೆ ಭಯ ಅರ್ಧ ಇಳಿಯಿತು. ಅವಳು ಕಾನೂನು ಏನು ಹೇಳುತ್ತದೆಂದು ಬಿಡಿಸಿ ಹೇಳಿದಳು. ಏನು ಮಾಡಬೇಕೆಂದು ನಾವೇ ತೀರ್ಮಾನಿಸಿದೆವು.

ಶುಕ್ರವಾರ ಬೆಳಿಗ್ಗೆ, ಪ್ರತಿ ಶುಕ್ರವಾರ ದೇವರಿಗೆಂದು ನಡೆಸುವ ನಮ್ಮೂರ ಪದ್ಧತಿಯಂತೆ ಎಲ್ಲರೂ ಬಿಳಿ ಉಟ್ಟು, ಬಿಳಿ ರುಮಾಲು ಕಟ್ಟಿ, ಮುಂಬಾಗಿಲ ಹಜಾರದಲ್ಲಿ ಲಿಫ್ಟಿಗೆ ಸಾಲು ನಿಂತೆವು. ಜೆನಿವಾಲ್ ನಮ್ಮನ್ನು ನೋಡಿದ. ಕೀಲಿಗೊಂಚಲು ಮೇಜಿನ ಮೇಲಿಟ್ಟು, ಬಂದು ಸಾಲಿನ ಕೊನೆಗೆ ನಿಂತುಬಿಟ್ಟ.

ಕರ್ನಲ್ ಉರಿಯುತ್ತ ಇಳಿದು ಬಂದ. "ಏನಿದು ಜಾತ್ರೆ? ಪೊಲೀಸರನ್ನ ಕರೀಲಾ?"

"ಕರೀರಿ ಸಾರ್" ಅಂದಳು ಜಾಂದೀರಾ. "ಬಣ್ಣ ನೋಡಿ ಹಿಂಬಾಗಿಲು ತೋರ್ಸೋದು ಅಪರಾಧ. ಜಾಮೀನು ಸಿಗಲ್ಲ. ಅವರು ಬರೋವರೆಗೂ ನಾವು ಇಲ್ಲೇ ಇರ್ತೀವಿ."

ಕರ್ನಲ್‌ನ ಕೈ ಫೋನಿನ ಮೇಲೆ ಹೋಗಿ ಹಾಗೇ ನಿಂತಿತು. ಅಷ್ಟರಲ್ಲಿ ಮೇಲಿನ ಮನೆಗಳಲ್ಲಿ ಹಾಹಾಕಾರ ಎದ್ದಿತ್ತು. ನನ್ನ ಒಡತಿ ಹವಾಯಿ ಚಪ್ಪಲಿಯಲ್ಲೇ ಓಡಿ ಬಂದಳು: "ವಾಲ್ದೆಲಿಸ್, ಕಾಫಿಪುಡಿ ಎಲ್ಲಿಟ್ಟಿದೀಯ?"

"ಮೇಲೆ ಬಂದು ತೋರಿಸ್ತೀನಿ ಅಮ್ಮಾವ್ರೆ. ಲಿಫ್ಟಲ್ಲಿ."

ಮನೆಯವರೆಲ್ಲ ಅಲ್ಲೇ, ರಾತ್ರಿ ಉಡುಪಿನಲ್ಲೇ ಸಭೆ ಸೇರಬೇಕಾಯಿತು. ಜಾಂದೀರಾ ಕೂಗಾಡಲಿಲ್ಲ. "ನಿಮ್ಮ ಮಕ್ಕಳು ನಮ್ಮ ಹೆಗಲ ಮೇಲೆ ನಿದ್ದೆ ಮಾಡಿದಾವೆ. ನಿಮ್ಮ ಅನ್ನಕ್ಕೆ ಉಪ್ಪು ಹಾಕಿದ್ದು ನಮ್ಮ ಕೈ. ಲಿಫ್ಟಲ್ಲಿ ಮಾತ್ರ ನಾವು ಪಕ್ಕದಲ್ಲಿ ನಿಂತ್ರೆ ಮೈಲಿಗೆನಾ?" ಅಂದಳು. ಎಂಟನೇ ಮಹಡಿಯ ಆ ಮನೆಯ ಮಗ, ಯೂಫ್ರೋಜಿನಾಳ ಕೈತುತ್ತು ತಿಂದು ಬೆಳೆದವನು, ಮೊದಲು ಕೈ ಎತ್ತಿದ: "ಅವರು ಹೇಳೋದು ಸರಿ." ಅವನ ತಾಯಿ ನೆಲ ನೋಡಿದಳು. ಆಮೇಲೆ ಅವಳ ಕೈಯೂ ಮೇಲೆದ್ದಿತು, ಅರ್ಧಕ್ಕೆ. ಒಬ್ಬೊಬ್ಬರಾಗಿ ಎಲ್ಲರ ಕೈ ಎದ್ದು, ಕರ್ನಲ್ ಒಬ್ಬನೇ ಉಳಿದ. "ಕೆಲಸದವರಿಗೆ ಹಿಂದಿನ ಲಿಫ್ಟು" ಎಂಬ ಹಿತ್ತಾಳೆ ಫಲಕವನ್ನು ಜೆನಿವಾಲ್ ಅಲ್ಲೇ ತಿರುಪು ಬಿಚ್ಚಿ ಕಿತ್ತ. ಯಾರ ಸಂಬಳಕ್ಕೂ ಕತ್ತರಿ ಬೀಳಲಿಲ್ಲ. ಆ ವರ್ಷವೇ ನಮ್ಮ ರಸ್ತೆಯ ಇನ್ನೂ ಎಷ್ಟೋ ಕಟ್ಟಡಗಳ ಹೆಂಗಸರು ಬಿಳಿ ಉಟ್ಟು ನಿಂತರು. ಎಲ್ಲ ಕಡೆಗೂ ಜಾಂದೀರಾ ಹೋದಳು.

ಆದರೆ ನನಗೆ ಮರೆಯಲಾಗದ್ದು ಅವತ್ತಿನ ಬೆಳಿಗ್ಗೆಯೇ. ಮೊದಲ ಸರದಿ ಯೂಫ್ರೋಜಿನಾಳದು, ಪ್ಲಾಸ್ಟರ್ ಹಾಕಿದ ಕೈ ಎದೆಗೊತ್ತಿಕೊಂಡು ಹತ್ತಿದಳು; ಜೊತೆಗೆ ಜಾಂದೀರಾ, ನಾನು. ಒಳಗೆ ಗೋಡೆ ತುಂಬ ಕನ್ನಡಿ. ಅವಳು ರುಮಾಲು ಸರಿಮಾಡಿಕೊಂಡು, ತನ್ನನ್ನೇ ಮೇಲಿಂದ ಕೆಳಗೆ ನೋಡಿಕೊಂಡಳು. ಎಂಟನೇ ಮಹಡಿ ಬಂತು, ಬಾಗಿಲು ತೆರೆಯಿತು. ಇಳಿಯಲಿಲ್ಲ.

"ಇಳಿ ಅಮ್ಮ" ಅಂದಳು ಮಗಳು.

"ಸುಮ್ನಿರೇ, ಇಷ್ಟು ಬೇಗ ಯಾಕೆ? ತುದಿ ಮಹಡೀವರೆಗೂ ಹೋಗೋಣ, ಒತ್ತು."