ಓವನ್ನಿನ ಜೋಡಿ ಇದ್ದವರು

ಕುಂದಲಹಳ್ಳಿಯ ನಮ್ಮ ಬಾಡಿಗೆ ಮನೆಗೆ ಬರುತ್ತಿದ್ದ ಎಲೆಕ್ಟ್ರಿಷಿಯನ್ ವಿಜಯಪುರದ ಕಡೆಯವನು. ಕಿವಿಯ ಮೇಲೆ ಪೆನ್ಸಿಲ್ ಸಿಕ್ಕಿಸಿಕೊಂಡು, ಮಗುವಿನ ಜ್ವರ ನೋಡುವವನಂತೆ ಸ್ವಿಚ್‌ಬೋರ್ಡಿಗೆ ಕೈಯ ಹಿಂಬದಿ ತಾಗಿಸುತ್ತಿದ್ದ. ನಾನು ಮನೆಯಲ್ಲೇ ಕೇಕ್ ಮಾಡಿ ಮಾರುವವಳು. ಬೆಳಿಗ್ಗೆ ಓವನ್ ಹಾಕಿದರೆ ಸಾಕು, ಎಂಸಿಬಿ ಟ್ರಿಪ್ ಆಗಿ ಕರೆಂಟ್ ಹೋಗಿ ಕೇಕು ಅರ್ಧಕ್ಕೇ ಕುಸಿಯುತ್ತಿತ್ತು.

"ಓವನ್‌ಗೆ ಬ್ಯಾರೇನ ಲೈನ್ ಬೇಕ್ರೀ ಅಕ್ಕಾ. ದಪ್ಪ ವೈರು, ಚಲೋ ಅರ್ತಿಂಗು, ಅದರದೇ ಎಂಸಿಬಿ. ಅದರ ಜೋಡಿ ಯಾರೂ ಇರಬಾರದು" ಎಂದು ಬಂದಾಗಲೆಲ್ಲ ಹೇಳುತ್ತಿದ್ದ.

ಮಹಡಿಯಲ್ಲಿದ್ದ ಮಾಲೀಕರು ಒಪ್ಪುತ್ತಿರಲಿಲ್ಲ. "ಗೋಡೆ ಒಡೆಯಂಗಿಲ್ಲ ಕಣಮ್ಮ, ನಮ್ಮಪ್ಪ ಕಟ್ಸಿದ್ ಮನೆ."

ಒಂದು ಬೆಳಿಗ್ಗೆ ಆತ ಬಂದು, ಓವನ್ ಒಂದನ್ನು ಬಿಟ್ಟು ನಮ್ಮ ಮನೆಯಲ್ಲಿದ್ದುದನ್ನೆಲ್ಲ ಆರಿಸಿದ. ಆದರೂ ಎಂಸಿಬಿ ಟ್ರಿಪ್ ಆಯಿತು. ಅದನ್ನು ಮತ್ತೆ ಆನ್ ಮಾಡದೆ ಹಾಗೇ ಬಿಟ್ಟು, ಪೆನ್ಸಿಲ್ ತೆಗೆದು ಗೋಡೆಗೆ ಗೆರೆ ಎಳೆಯತೊಡಗಿದ.

"ಅಯ್ಯೋ, ಮಾಲೀಕರು ಒಪ್ಪಿಲ್ಲ ಅಣ್ಣ!" ಎಂದೆ.

"ತಡೀರಿ, ಅವರೇ ಬಂದು ಹೇಳ್ತಾರ."

ಎರಡು ನಿಮಿಷಕ್ಕೆ ಮಾಲೀಕರು ಮೆಟ್ಟಿಲಿಳಿದು ಬಂದರು. ಸೊಂಟಕ್ಕೆ ಟವೆಲ್, ತಲೆ ತುಂಬ ಶಾಂಪೂ ನೊರೆ.

"ಯಾವನೋ ಕರೆಂಟ್ ತೆಗ್ದೋನು? ನಮ್ ಗೀಸರ್ ನಿಂತೋಯ್ತು!"

ನಮ್ಮ ಎಂಸಿಬಿ ಹೋದರೆ ಅವರ ಗೀಸರ್ ಯಾಕೆ ನಿಲ್ಲಬೇಕು ಎಂದು ಯಾರೂ ಕೇಳಲಿಲ್ಲ. ಆತ ಮಾತ್ರ ನೆಂಟರ ಪರಿಚಯ ಮಾಡಿಸುವವನಂತೆ ನನ್ನತ್ತ ತಿರುಗಿದ.

"ಓವನ್ನಿನ ಜೋಡಿ ಇದ್ದವರು ಇವರೇ ನೋಡ್ರೀ ಅಕ್ಕಾ."

ನೊರೆ ಮಾಲೀಕರ ಕಣ್ಣಿಗಿಳಿಯಿತು. ಒರೆಸಿಕೊಂಡು, ಗೋಡೆಯ ಮೇಲಿನ ಗೆರೆ ನೋಡಿ, ದನಿ ತಗ್ಗಿಸಿದರು.

"ಎಲ್ ಬೇಕೋ ಅಲ್ಲಿ ಒಡ್ಕೊಳಪ್ಪ."