ಇಸ್ತ್ರಿಯಕ್ಕ ಬೀರು ತೆರೆದ ದಿನ

ಇಸ್ತ್ರಿಯಕ್ಕನ ವಿಷಯ ಅಜ್ಜಿಯ ಕಿವಿಗೆ ಮೊದಲು ಬಿದ್ದದ್ದು, ಬೀರುವಿನ ಬಾಗಿಲು ತೆರೆದ ಕೂಡಲೇ ಬಟ್ಟೆಯ ರಾಶಿ ಅವರ ಮೈಮೇಲೆ ಕುಸಿದ ದಿನ. ಮೊಮ್ಮಗಳು ಇನ್ನು ಅಜ್ಜಿಯ ಕೋಣೆಗೇ ಬರುವವಳಿದ್ದಳು. ಅರ್ಧ ಬೀರು ಅವಳಿಗೆ ಬಿಡಬೇಕಾಗಿತ್ತು.

"ಮೂಲೆಮನೆ ಮೆಟ್ಟಿಲ ಕೆಳಗೆ ಇಸ್ತ್ರಿ ಮಾಡ್ತಾರಲ್ಲ, ಅವರನ್ನ ಕರೀತೀನಿ ಅತ್ತೆ. ಬೀರು ಖಾಲಿ ಮಾಡೋದ್ರಲ್ಲಿ ಎತ್ತಿದ ಕೈ," ಎಂದಳು ಸೊಸೆ.

"ಮುಖ ನೋಡದವರ ಮುಂದೆ ನನ್ನ ಬಟ್ಟೆ ಹರವಬೇಕೇನೇ?"

"ನೀವು ಅವರನ್ನ ನೋಡಿಲ್ಲ ಅಷ್ಟೆ. ಅವರು ನಿಮ್ಮ ಬಟ್ಟೆನ ಹತ್ತು ವರ್ಷದಿಂದ ನೋಡ್ತಿದಾರೆ!"

ಮರುದಿನ ಇಸ್ತ್ರಿಯಕ್ಕ ಬಂದಳು. ಭಾರ ಎತ್ತಿ ಎತ್ತಿ ಬಲಭುಜ ಒಂದಿಷ್ಟು ಇಳಿದಿತ್ತು, ನಾಲಿಗೆ ಮಾತ್ರ ಚುರುಕು. ಬೇಕೋ ಬೇಡವೋ ಎಂದು ಯಾರನ್ನೂ ಕೇಳುವವಳಲ್ಲ. ತನ್ನ ಮೇಜಿಗೆ ಮೂರು ವರ್ಷ ಬಾರದ ಬಟ್ಟೆ ಯಾರ ಮೈಗೂ ಏರಿಲ್ಲ ಎಂಬುದು ಅವಳ ಲೆಕ್ಕ.

"ಈ ರವಿಕೆ ಐದು ವರ್ಷದಿಂದ ಪತ್ತೆ ಇಲ್ಲ."

"ಇರ್ಲಿ ಕಣೇ, ಸ್ವಲ್ಪ ಸಣ್ಣಗಾದ್ರೆ ಹಾಕ್ಕೋತೀನಿ."

"ಅಮ್ಮಾ, ಈ ವಯಸ್ಸಲ್ಲಿ ನೀವು ಸಣ್ಣಗಾದ್ರೆ ನಾವು ಡಾಕ್ಟರ ಹತ್ರ ಓಡ್ಬೇಕಾಗತ್ತೆ!"

ಅಜ್ಜಿಗೆ ನಗು ತಡೆಯಲಾಗಲಿಲ್ಲ. ಚಹಾ ಮಾಡಿ ತರುವಷ್ಟರಲ್ಲಿ ಅರ್ಧ ಬೀರು ಬರಿದು. ತೆಗೆದುಹಾಕಿದ ಬಟ್ಟೆಯ ಗಂಟನ್ನು ಹಳೆಬಟ್ಟೆಯ ಗಾಡಿಯವನು ಒಯ್ದೂ ಆಗಿತ್ತು. ಅಜ್ಜಿ ಚಹಾ ಕೆಳಗಿಟ್ಟು ಬೀರುವಿನೊಳಗೆ ತಡಕಾಡಿದರು.

"ನನ್ನ ಬೂದುಬಣ್ಣದ ಸೀರೆ ಎಲ್ಲೇ?"

"ಅದಾ? ಒಂದು ಸಲಾನೂ ನನ್ನ ಮೇಜಿಗೆ ಬಂದಿಲ್ಲ. ಗಂಟಿಗೆ ಹಾಕ್ದೆ."

"ಅಯ್ಯೋ, ವಾರಕ್ಕೆರಡು ದಿನ ಅದನ್ನೇ ಉಡೋದು! ಒಗೆದು ಒಣಗಿಸಿ, ಮಡಚಿ ಹಾಸಿಗೆ ಕೆಳಗಿಟ್ಟು ಮಲಗ್ತೀನಿ, ಬೆಳಿಗ್ಗೆ ಹೊತ್ತಿಗೆ ಇಸ್ತ್ರಿ ಆಗಿರುತ್ತೆ. ನಿನ್ನ ಕೆಂಡದ ಪೆಟ್ಟಿಗೆಗೆ ಕೊಟ್ರೆ ಆ ತೆಳು ನೂಲು ಉಳಿಯುತ್ತೇನೇ? ಮೈಗೆ ಚುಚ್ಚದಿರೋದು ಅದೊಂದೇ."

ಇಸ್ತ್ರಿಯಕ್ಕ ಕಣ್ಣು ಬಾಯಿ ಬಿಟ್ಟಳು. ಮರುಕ್ಷಣವೇ ಸೆರಗು ಸಿಕ್ಕಿಸಿ ಮೆಟ್ಟಿಲಿಳಿದು ಓಡಿದಳು. ಎರಡು ಬೀದಿಯಾಚೆ ಗಾಡಿಗೆ ಅಡ್ಡ ನಿಂತು, ಗಂಟು ಬಿಚ್ಚಿಸಿ, ಸೀರೆಯನ್ನು ಮಗುವಿನಂತೆ ಎದೆಗವಚಿಕೊಂಡು ಏದುಸಿರು ಬಿಡುತ್ತಾ ಬಂದಳು.

"ತಗೊಳ್ಳಿ. ಮಲಗಿದಲ್ಲಿಂದಲೇ ನನ್ನ ಹೊಟ್ಟೆ ಮೇಲೆ ಹೊಡೆದವರು ನೀವೊಬ್ರೇ!"

ಅಂದಿನಿಂದ ಅವಳು ಯಾರ ಬೀರು ತೆರೆದರೂ ಮೊದಲು ಬಾಯಿಬಿಟ್ಟು ಕೇಳತೊಡಗಿದಳು. ಸಂಜೆ ಕೆಂಡ ಆರಿದ ಮೇಲೆ ಅಜ್ಜಿಯ ಬಳಿ ಹರಟೆಗೂ ಬರುತ್ತಿದ್ದಳು. ಹಾಗೇ ಆರು ವರ್ಷ ಕಳೆಯಿತು. ಭುಜ ಪೂರ್ತಿ ಸೋತಾಗ ಮೇಜು ಮಾರಿ, ತಂಗಿಯ ಊರಿಗೆ ಹೊರಟು ನಿಂತಳು. ಅಜ್ಜಿಗೆ ಹೇಳಿ ಬಾಗಿಲ ತನಕ ಹೋದವಳು ತಿರುಗಿ, ಇದ್ದಕ್ಕಿದ್ದಂತೆ ನಾಚಿಕೊಂಡು ಕೇಳಿದಳು:

"ಅಮ್ಮಾ, ಇನ್ನು ನನ್ನ ಸೀರೆಗೂ ಹಾಸಿಗೇನೇ ಗತಿ. ಹೇಗೆ ಮಡಚಿಡ್ತೀರಿ, ಒಂದ್ಸಲ ತೋರಿಸಿಕೊಡ್ತೀರಾ?"